ಕೆತ್ತದೆ ಉಳಿದ ಸರಸ್ವತಿ

ನಮ್ಮ ಮನೆಗೆ ಹೊಸದಾಗಿ ಬಂದವರು ನಡುಮನೆಯ ಗೋಡೆಯ ಮೇಲಿರುವ ಚಿತ್ರವನ್ನು ನೋಡಿದರೆ ಎರಡು ಪ್ರಶ್ನೆ ಕೇಳದೆ ಇರುವುದಿಲ್ಲ. "ಇದಕ್ಕೆ ಬಣ್ಣ ಯಾಕೆ ಹಚ್ಚಿಲ್ಲ?" ಎನ್ನುವುದು ಮೊದಲನೆಯದು. "ದೇವಿಯ ಮೈಮೇಲೆ ಇಷ್ಟೊಂದು ಗೀಟು ಯಾಕೆ ಎಳೆದಿದ್ದಾರೆ?" ಎನ್ನುವುದು ಎರಡನೆಯದು. ಬಹಳ ದಿನ ಈ ಪ್ರಶ್ನೆಗಳಿಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. "ಹಳೇ ಕಾಲದ್ದು" ಎಂದಷ್ಟೇ ಹೇಳಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ.

ಚಿತ್ರ ದೊಡ್ಡದೇನಲ್ಲ. ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದದ ಕಾಗದ. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ನಿಂತ ಸರಸ್ವತಿ. ನಾಲ್ಕು ಕೈ. ಎರಡರಲ್ಲಿ ವೀಣೆ, ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಜಪಸರ. ಕಾಲ ಬಳಿ ಕತ್ತು ತಿರುಗಿಸಿದ ಹಂಸ. ನೆತ್ತಿಯಿಂದ ಪಾದದವರೆಗೆ ನಟ್ಟನಡುವೆ ಒಂದು ನೇರ ಗೆರೆ. ಗಲ್ಲ, ಎದೆ, ಹೊಕ್ಕುಳು, ಮಂಡಿ ಎಂದು ಅಲ್ಲಲ್ಲಿ ಅಡ್ಡಗೆರೆಗಳು. ಚಿಕ್ಕವಳಿದ್ದಾಗ ನಾನು ಅವುಗಳನ್ನು ನಮ್ಮ ಕಾಪಿ ಪುಸ್ತಕದ ಗೆರೆಗಳ ಹಾಗೆ ಅಂದುಕೊಂಡಿದ್ದೆ. ಬಲಗಡೆಯ ಕೆಳಮೂಲೆಯಲ್ಲಿ ಅಂಗೈಯಷ್ಟು ಅಗಲದ ಕಂದು ಕಲೆ ಇದೆ. ಅದು ಚಿತ್ರಕಾರನದಲ್ಲ, ಕ್ಯಾಸಲ್‌ರಾಕಿನ ಮಳೆಯದು.

ಕ್ಯಾಸಲ್‌ರಾಕ್ ಎಂದರೆ ಎಲ್ಲಿ ಎಂದು ಕೇಳುವವರಿದ್ದಾರೆ. ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ಹೋಗುವ ರೈಲು ಲೋಂಡಾ ದಾಟಿ, ಘಟ್ಟ ಇಳಿಯುವುದಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುವ ಊರು ಅದು. ಈಗಿನ ಜೊಯಿಡಾ ತಾಲ್ಲೂಕಿನಲ್ಲಿದೆ. ಮುರಗಾಂವ್ ಬಂದರಿನಿಂದ ಪೋರ್ಚುಗೀಸರ ಸೀಮೆ ಹಾದು ಬಂದ ರೈಲು ದಾರಿ 1888ರಲ್ಲಿ ಇಲ್ಲಿಗೆ ಮುಟ್ಟಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಇದು ಗಡಿಯ ಠಾಣೆ. ಗಾಡಿ ನಿಲ್ಲುತ್ತಿತ್ತು, ಪೆಟ್ಟಿಗೆ ಬಿಚ್ಚಿಸುತ್ತಿದ್ದರು, ಸುಂಕದವರು ನೋಡುತ್ತಿದ್ದರು. ಅಪ್ಪ ಅಲ್ಲಿಗೆ ಗುಮಾಸ್ತರಾಗಿ ಬಂದದ್ದು ಅದಾದ ಮೇಲೆ. ನಮ್ಮ ಕಾಲಕ್ಕೆ ಸುಂಕದ ಗಲಾಟೆ ಕಥೆಯಾಗಿ ಉಳಿದಿತ್ತು. ಮಳೆ ಮಾತ್ರ ಹಾಗೆಯೇ ಇತ್ತು. ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬದವರೆಗೂ ಬಿಡುತ್ತಿರಲಿಲ್ಲ. ಟ್ರಂಕಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು, ಉಪ್ಪಿನ ಭರಣಿಯಲ್ಲಿ ನೀರು, ಪುಸ್ತಕದ ರಟ್ಟಿಗೆ ಅಣಬೆ. ಅಂಥ ಊರಿನಲ್ಲಿ ಒಂದು ಕಾಗದ ಉಳಿದು ಬಂದಿದೆ ಎಂದರೆ ಅದನ್ನು ಯಾರೋ ಬಹಳ ಜತನದಿಂದ ಕಾದಿದ್ದಾರೆ ಎಂದೇ ಅರ್ಥ. ಕಾದವಳು ನನ್ನ ಆಯಿ.

ಆಯಿಯ ತವರು ಶಿರಸಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂತೆಂದರೆ ನಮ್ಮ ಸಂಸಾರವೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಿತ್ತು. ಎಂಟು ಕೈಯ ಆ ದೊಡ್ಡ ದೇವಿ ಮರದವಳು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟು ಕುಂಕುಮ, ಅಷ್ಟು ಬಂಗಾರ, ಅಷ್ಟು ಜನ. ನಡುವೆ ಮರ ಕಾಣುವುದಾದರೂ ಹೇಗೆ? ತಿಳಿಸಿಕೊಟ್ಟವರು ಜಾತ್ರೆಯ ಗದ್ದಲದ ಆಚೆ, ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಉಳಿ ಹಿಡಿದಿದ್ದ ಒಬ್ಬ ಗುಡಿಗಾರರು. ಸೋದರಮಾವನಿಗೆ ಅವರ ಪರಿಚಯವಿತ್ತು. ಆಯಿ ಅವರನ್ನು "ಅಣ್ಣ" ಎನ್ನುತ್ತಿದ್ದಳು, ಅವರು ಆಯಿಯನ್ನು "ತಂಗಿ" ಎನ್ನುತ್ತಿದ್ದರು. ಹೆಸರು ಹಿಡಿದು ಕರೆದದ್ದು ನಾನು ಕೇಳಲೇ ಇಲ್ಲ. ಆ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಗುಡಿಗಾರರ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರ, ಘಟ್ಟದ ಮೇಲೆ ಸಾಗರ, ಸೊರಬ, ಈ ಸುತ್ತಿನಲ್ಲಿ ಹರಡಿಕೊಂಡ ಜನ ಅವರು. ಗಂಧದ ಕೆತ್ತನೆ, ಗಣಪತಿಯ ಮಣ್ಣಿನ ಮೂರ್ತಿ, ಮದುವೆಯ ಬಾಸಿಂಗ, ಎಲ್ಲ ಅವರ ಕೈಯಿಂದಲೇ. ಗಂಡಸರು ಉಳಿ ಹಿಡಿದರೆ ಹೆಂಗಸರು ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳಿ ಹೂವು ಮಾಡುತ್ತಾರೆ. ನನ್ನ ಹಣೆಗೆ ಕಟ್ಟಿದ ಬಾಸಿಂಗವೂ ಅಂಥ ಒಬ್ಬ ಹೆಂಗಸಿನ ಕೈಯದೇ ಇರಬೇಕು. ತಮ್ಮ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಧರ್ಮ ಉಳಿಸಿಕೊಳ್ಳಲು ಗೋವಾ ಬಿಟ್ಟು ಘಟ್ಟ ಹತ್ತಿದರು ಎಂದು ಅವರ ಮನೆಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ಅದನ್ನು ಕೇಳಿದ ಮೇಲೆ ನಮ್ಮ ಕ್ವಾರ್ಟರ್ಸಿನ ಹಿಂಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದ ಘಟ್ಟದ ಸಾಲು ನನಗೆ ಬೇರೆಯೇ ಆಗಿ ಕಾಣತೊಡಗಿತು. ರೈಲು ಬರುವುದಕ್ಕೆ ಎಷ್ಟೋ ಮುಂಚೆ, ಸೊಂಟಕ್ಕೆ ಉಳಿಯ ಕಟ್ಟು ಸಿಕ್ಕಿಸಿಕೊಂಡು, ಕೈಮಗುವನ್ನು ಎತ್ತಿಕೊಂಡು ಅಂಥದೇ ಕಾಡಿನಲ್ಲಿ ಯಾರೋ ಹತ್ತಿ ಬಂದಿದ್ದಾರೆ.

ಆ ವರ್ಷದ ಜಾತ್ರೆಯಲ್ಲಿ ಅಪ್ಪ ಒಂದು ಸರಸ್ವತಿಯ ಮೂರ್ತಿ ಮಾಡಿಸುವ ಮನಸ್ಸು ಮಾಡಿದರು. ನಾನು ಆಗ ಲೋಂಡಾಕ್ಕೆ ರೈಲಿನಲ್ಲಿ ಹೋಗಿ ಬಂದು ಹೈಸ್ಕೂಲು ಓದುತ್ತಿದ್ದೆ. ಒಂದು ಅಡಿ ಎತ್ತರದ ಮೂರ್ತಿ. ಗಂಧದ್ದು ನಮ್ಮ ಕೈಗೆ ಎಟಕುವ ಮಾತಲ್ಲ. ಶಿವನೆ ಮರದ್ದು ಆಗಬಹುದು ಎಂದಾಯಿತು. ನೂರೈವತ್ತು ರೂಪಾಯಿ ಎಂದರು ಗುಡಿಗಾರರು. ಅಪ್ಪ ನೂರಿಪ್ಪತ್ತಕ್ಕೆ ಕೇಳಿ, ನೂರಮೂವತ್ತೈದಕ್ಕೆ ಒಪ್ಪಿದರು.

"ಕೂತ ಸರಸ್ವತಿಯೋ, ನಿಂತ ಸರಸ್ವತಿಯೋ?" ಎಂದು ಅವರು ಕೇಳಿದರು.

ಅಪ್ಪ, "ಕ್ಯಾಲೆಂಡರಿನಲ್ಲಿ ಇರ್ತದಲ್ಲ, ಹಾಗೆ ಕೂತದ್ದೇ ಇರಲಿ" ಎಂದರು.

ಅದುವರೆಗೆ ಸುಮ್ಮನಿದ್ದ ಆಯಿ, "ನಿಂತಿರಲಿ ಅಣ್ಣಾ" ಎಂದಳು.

"ಯಾಕೆ?" ಎಂದು ಅಪ್ಪ ತಿರುಗಿ ನೋಡಿದರು. ಆಯಿ ಕಾರಣ ಹೇಳಲಿಲ್ಲ. ಗುಡಿಗಾರರು ನಕ್ಕು, "ತಂಗಿ ಹೇಳಿದ ಹಾಗೇ ಆಗಲಿ. ಮೊದಲು ಚಿತ್ರ ಬರೆದು ಕಳಿಸ್ತೇನೆ. ನೋಡಿ ಒಪ್ಪಿಗೆ ಅಂದ ಮೇಲೆ ಮರಕ್ಕೆ ಕೈ ಹಾಕ್ತೇನೆ" ಎಂದರು. ಮುಂಗಡ ಕೊಡಲು ಅಪ್ಪ ಕಿಸೆಗೆ ಕೈ ಹಾಕಿದರೆ, "ಮರ ಕೊಯ್ಯುವಾಗ ಕೊಡಿ, ಚಿತ್ರಕ್ಕೆಂಥ ಮುಂಗಡ" ಎಂದುಬಿಟ್ಟರು.

ಎರಡು ತಿಂಗಳಿಗೆ ಚಿತ್ರ ಬಂತು. ಸೋದರಮಾವ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಡೆಯೊಳಗೆ ಇಟ್ಟುಕೊಂಡು ತಂದಿದ್ದ. ಅಷ್ಟರಲ್ಲಿ ನನ್ನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಿತ್ತು. ಮುಂದೆ ಓದಬೇಕೆಂದರೆ ಧಾರವಾಡಕ್ಕೆ ಹೋಗಬೇಕು, ಹಾಸ್ಟೆಲಿನಲ್ಲಿ ಇರಬೇಕು. ಶುಲ್ಕ, ಡಿಪಾಜಿಟ್ಟು, ಒಂದು ಹಾಸಿಗೆ, ಒಂದು ಟ್ರಂಕು, ನಾಲ್ಕು ಜೊತೆ ಬಟ್ಟೆ. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಲೆಕ್ಕ ಹಾಕಿದರು. ಕೂಡಿಸಿದ್ದನ್ನು ಮತ್ತೆ ಕಳೆದರು. "ಒಂದು ವರ್ಷ ಮನೆಯಲ್ಲಿರಲಿ, ಮುಂದಿನ ವರ್ಷ ನೋಡೋಣ" ಎಂಬ ಮಾತು ಅವರ ಬಾಯಿಂದ ಬಂತು. ಮನೆಯಲ್ಲಿ ಕುಳಿತ ಹುಡುಗಿಗೆ ಆ "ಮುಂದಿನ ವರ್ಷ" ಬರುವುದೇ ಇಲ್ಲ ಎಂಬುದು ನನ್ನ ವಾರಿಗೆಯ ಹೆಂಗಸರಿಗೆಲ್ಲ ಗೊತ್ತು.

ಆಯಿ ಒಲೆಯ ಮುಂದಿನಿಂದ ಎದ್ದು ಬಂದಳು. "ಮೂರ್ತಿಯ ದುಡ್ಡು ಉಂಟಲ್ಲ" ಎಂದಳು.

"ಅದು ದೇವರಿಗೆ ಅಂತ ತೆಗೆದಿಟ್ಟದ್ದು."

"ಇದೂ ಅವಳದ್ದೇ ಕೆಲಸ. ಮರದ ಸರಸ್ವತಿ ಆಮೇಲೆ ಬರಲಿ. ಚಿತ್ರ ಬಂತಲ್ಲ, ಈಗ ಅಷ್ಟು ಸಾಕು."

ಹೀಗೆ ನಾನು ಧಾರವಾಡಕ್ಕೆ ಹೋದೆ. ಓದಿದೆ, ಶಿಕ್ಷಕಿಯಾದೆ, ನಿವೃತ್ತಳೂ ಆದೆ. ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಬೀಳ್ಕೊಡುಗೆ ಸಮಾರಂಭದಲ್ಲಿ ಹೇಳಿದಾಗ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಆದರೆ ಪ್ರತಿಸಲವೂ ನಾನು ಕಥೆಯನ್ನು ಆಯಿಯ ಮಾತಿಗೇ ಮುಗಿಸುತ್ತಿದ್ದೆ. ಅದರಾಚೆ ಶಿರಸಿಯ ಜಗಲಿಯಲ್ಲಿ ಒಬ್ಬರು "ಒಪ್ಪಿಗೆ" ಎಂಬ ಒಂದು ಮಾತಿಗಾಗಿ ಕಾಯುತ್ತಿದ್ದರಲ್ಲ, ಅವರ ಪಾಲಿನ ಕಥೆ ಏನಾಯಿತು? ಅಪ್ಪ ಅವರಿಗೆ ಒಂದು ಕಾರ್ಡು ಕೂಡ ಬರೆಯಲಿಲ್ಲ. ನಾಚಿಕೆ ಇದ್ದಿರಬೇಕು. ಮುಂದಿನ ಜಾತ್ರೆಗೆ ಹೋದಾಗ ನಾವು ಆ ಓಣಿಯ ಕಡೆಗೆ ತಿರುಗಲಿಲ್ಲ. ಚಿತ್ರದ ಬೆಲೆಯನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ಕೊಡಲೂ ಇಲ್ಲ.

ಆಯಿ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ, ಧಾರೆಸೀರೆಯ ಮಡಿಕೆಯೊಳಗೆ ಈ ಚಿತ್ರ ಸಿಕ್ಕಿತು. ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದೆ. ದಿನಾ ಕಣ್ಣಿಗೆ ಬೀಳತೊಡಗಿದ ಮೇಲೆ ಅದರ ಗೀಟುಗಳು ನನ್ನನ್ನೂ ಕೇಳತೊಡಗಿದವು. ನಿವೃತ್ತಿಯ ಬಿಡುವಿತ್ತು. ಓದಲು ಕುಳಿತೆ.

ನಮ್ಮ ಶಿಲ್ಪಶಾಸ್ತ್ರದಲ್ಲಿ ಮೂರ್ತಿಯನ್ನು ಅಳೆಯಲು ಅಡಿಪಟ್ಟಿ ಬೇಕಾಗಿಲ್ಲ. ಮೂರ್ತಿಯ ಮುಖವೇ ಅದರ ಅಳತೆಗೋಲು. ಒಂದು ಮುಖದ ಉದ್ದಕ್ಕೆ ಒಂದು ತಾಳ, ಅದರ ಹನ್ನೆರಡನೆಯ ಒಂದು ಭಾಗಕ್ಕೆ ಒಂದು ಅಂಗುಲ. ನವತಾಳದ ಲೆಕ್ಕದಲ್ಲಿ ಮುಖ 12 ಅಂಗುಲ, ಕುತ್ತಿಗೆ 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿನಿಂದ ತೊಡೆಯ ಬುಡಕ್ಕೆ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಕೂಡಿಸಿ ನೋಡಿ, ಜಪಸರದ ಮಣಿಗಳಷ್ಟೇ, 108. ದೊಡ್ಡ ದೇವರುಗಳಿಗೆ ದಶತಾಳ, ಅಂದರೆ ಹೆಚ್ಚುಕಡಿಮೆ ಹತ್ತು ಮುಖದ ಎತ್ತರ. ಗೋಪಿನಾಥ ರಾಯರು ಆಗಮಗಳನ್ನು ಶೋಧಿಸಿ 1914ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ ಈ ಲೆಕ್ಕವೆಲ್ಲ ಇದೆ. ಬ್ರಹ್ಮ, ವಿಷ್ಣು, ಶಿವರಿಗೆ 124 ಅಂಗುಲದ ಉತ್ತಮ ದಶತಾಳ. ಲಕ್ಷ್ಮಿ, ಉಮೆ, ಸರಸ್ವತಿಯರಿಗೆ 120 ಅಂಗುಲದ ಮಧ್ಯಮ ದಶತಾಳ. ದೇವಲೋಕದಲ್ಲೂ ಹೆಣ್ಣಿಗೆ ನಾಲ್ಕು ಅಂಗುಲ ಕಡಿಮೆ ಎಂದು ಓದಿ ನಕ್ಕೆ. ಆಮೇಲೆ ಗೋಡೆಯ ಸರಸ್ವತಿಯನ್ನು ಸ್ಕೇಲು ಹಿಡಿದು ಅಳೆದೆ. ಹತ್ತು ಮುಖ ಸರಿಯಾಗಿ ಬಂತು. ನೆತ್ತಿಯಿಂದ ಇಳಿದ ಆ ನಡುಗೆರೆಗೆ ಬ್ರಹ್ಮಸೂತ್ರ ಎಂದು ಹೆಸರು. ಅದು ಒಂದು ಕೂದಲೆಳೆ ವಾಲಿದರೆ ಮೂರ್ತಿ ಸೊಟ್ಟಗಾಗುತ್ತದೆ.

ಗೆರೆಗಳಿಗೆ ಇಷ್ಟು ಜಾಗ್ರತೆ ಯಾಕೆ ಎಂದರೆ, ಮರ ತಪ್ಪನ್ನು ಕ್ಷಮಿಸುವುದಿಲ್ಲ. ಹಿಟ್ಟು ನೀರಾದರೆ ಇನ್ನಷ್ಟು ಹಿಟ್ಟು ಬೆರೆಸಬಹುದು, ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕೊರೆದ ಮೂಗನ್ನು ಮತ್ತೆ ಅಂಟಿಸಲಾಗುವುದಿಲ್ಲ. ಅದರಲ್ಲೂ ಗಂಧದ ಮರ. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ಅರಸು ಮರವೆಂದು ಸಾರಿದ ಮೇಲೆ ಇನ್ನೂರು ವರ್ಷ ಅದು ಸರಕಾರದ ಸೊತ್ತಾಗಿಯೇ ಉಳಿಯಿತು. ನಮ್ಮ ಹಿತ್ತಲಿನಲ್ಲಿ ಹುಟ್ಟಿದ ಗಂಧದ ಗಿಡ ನಮ್ಮದು ಎನ್ನಲು 2001ರಲ್ಲಿ ಕಾನೂನು ತಿದ್ದುಪಡಿಯಾಗಬೇಕಾಯಿತು. ತೂಕದ ಲೆಕ್ಕದಲ್ಲಿ ಸಿಗುವ ಮರ, ಒಂದು ತಪ್ಪು ಏಟಿಗೆ ಚೂರು. ಆದ್ದರಿಂದ ತಪ್ಪುಗಳನ್ನೆಲ್ಲ ಕಾಗದದ ಮೇಲೆಯೇ ಮಾಡಿ ಮುಗಿಸಬೇಕು. ನಮ್ಮ ಸರಸ್ವತಿಯ ಎಡಗೈ ಪಕ್ಕದಲ್ಲಿ ಅಳಿಸಿದ ಇನ್ನೊಂದು ಕೈಯ ನೆರಳಿದೆ. ವೀಣೆ ಹಿಡಿದ ರೀತಿ ಸರಿಬರಲಿಲ್ಲವೆಂದು ಅವರು ಬದಲಾಯಿಸಿದ್ದಾರೆ. ಆ ತಪ್ಪಿನಲ್ಲಿ ನನಗೆ ಅವರ ಕೈ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ.

ಇನ್ನು ಆ ಕಾಗದದ ಹಣೆಬರಹ ಏನೆಂದು ಕೇಳಿ. ಗುಡಿಗಾರರು ಚಿತ್ರವನ್ನು ಮರದ ಮೇಲೆಯೇ ಬರೆಯುತ್ತಾರೆ, ಇಲ್ಲವೇ ಬರೆದ ಕಾಗದವನ್ನು ಮರಕ್ಕೆ ಅಂಟಿಸುತ್ತಾರೆ. ಆಮೇಲೆ ಗೆರೆಯ ಗುಂಟ ಉಳಿ ಇಳಿಯುತ್ತದೆ. ಒಂದೊಂದು ಏಟಿಗೂ ಕಾಗದದ ಒಂದೊಂದು ಚೂರು ಮರದ ಚೆಕ್ಕೆಯ ಜೊತೆ ಹಾರಿಹೋಗುತ್ತದೆ. ಮೂರ್ತಿ ಪೂರ್ತಿಯಾಗುವ ಹೊತ್ತಿಗೆ ಚಿತ್ರ ಪೂರ್ತಿ ಇಲ್ಲವಾಗಿರುತ್ತದೆ. ಹೊಸ್ತಿಲ ರಂಗೋಲಿಯ ಚುಕ್ಕಿಗಳ ಹಾಗೆ, ಸೀರೆಯ ಸೆರಗಿಗೆ ಕಸೂತಿ ಹಾಕುವ ಮುಂಚೆ ಕಾರ್ಬನ್ ಕಾಗದದಿಂದ ಇಳಿಸಿದ ನೀಲಿ ಹೂವಿನ ಹಾಗೆ. ದಾರ ತುಂಬಿದ ಮೇಲೆ ನೀಲಿ ಗೆರೆ ಕಂಡರೆ ಕೆಲಸ ಕಚ್ಚಾ ಎನ್ನುತ್ತೇವೆ. ನಮ್ಮ ಧಾರವಾಡದ ಕಸೂತಿಯಲ್ಲಾದರೆ ಆ ಗೆರೆಯೂ ಇಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ ಎಲ್ಲ ಬರಬೇಕು. ಅಲ್ಲಿ ಚಿತ್ರವಿರುವುದು ಹೆಂಗಸಿನ ತಲೆಯೊಳಗೆ.

ಸಣ್ಣ ಕೆಲಸಕ್ಕೆ ಕಣ್ಣೂ ಹೋಗುತ್ತದೆ. ಮೈಸೂರಿನ ಗೆಜೆಟಿಯರ್ ಬರೆದ ಬಿ. ಎಲ್. ರೈಸ್, ಸೊರಬ ಸೀಮೆಯ ಗುಡಿಗಾರರ ಕೆತ್ತನೆಯನ್ನು ಬಹಳ ಹೊಗಳುತ್ತ, ಒಂದು ಪೆಟ್ಟಿಗೆ ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಈ ಕುಶಲಿಗಳು ವಯಸ್ಸಾಗುವ ಮುಂಚೆಯೇ ದೃಷ್ಟಿ ಕಳೆದುಕೊಳ್ಳುತ್ತಾರಂತೆ ಎಂದು ನೂರು ವರ್ಷಕ್ಕೂ ಹಿಂದೆಯೇ ದಾಖಲಿಸಿದ್ದಾರೆ. ಅದನ್ನು ಓದಿದ ದಿನ ನೂರೈವತ್ತನ್ನು ನೂರಮೂವತ್ತೈದಕ್ಕೆ ಇಳಿಸಿದ ನಮ್ಮ ಅಪ್ಪನ ಚೌಕಾಶಿ ನೆನಪಾಗಿ ಊಟ ಸೇರಲಿಲ್ಲ.

ಮಾಡಿದವರ ಹೆಸರು ಉಳಿಯುವುದು ನಮ್ಮಲ್ಲಿ ಅಪರೂಪವೇನಲ್ಲ. ಶಿರಸಿಯಿಂದ ದೂರವಿಲ್ಲದ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದಲ್ಲಿ, ಐದು ಹೆಡೆಯ ನಾಗಶಿಲ್ಪವೊಂದಿದೆ. ಚುಟು ಸಾತಕರ್ಣಿಗಳ ಕಾಲದ್ದು, ಹೆಚ್ಚುಕಡಿಮೆ 1700 ವರ್ಷಕ್ಕೂ ಹಳೆಯದು. ಅದರ ಅಂಚಿನಲ್ಲಿ ಪ್ರಾಕೃತ ಭಾಷೆಯ ಬರಹ. ಮಹಾಭೋಜಿ ಎನಿಸಿದ ಒಬ್ಬ ರಾಜಪುತ್ರಿ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನ ಮಾಡಿದಳು. ನಾಗನನ್ನು ಮಾಡಿದವನು ಜಯಂತಿಪುರದ ಆಚಾರ್ಯ ದಾಮೋರಕನ ಶಿಷ್ಯ ನಾಟಕ ಎಂದು ಅಲ್ಲಿದೆ. ಜಯಂತಿಪುರವೆಂದರೆ ಬನವಾಸಿಯೇ. ಮಾಡಿಸಿದ ಹೆಣ್ಣು, ಮಾಡಿದ ಗಂಡು, ಕಲಿಸಿದ ಗುರು, ಮೂವರೂ ಒಂದೇ ಕಲ್ಲಿನ ಮೇಲೆ ಇದ್ದಾರೆ. ಅದರಿಂದ ಸಾವಿರ ವರ್ಷದಷ್ಟು ಈಚೆಗೆ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಮೂರ್ತಿಯ ಮೇಲೆ ಮೂರ್ತಿಗೆ ಸಹಿ ಹಾಕಿದ. ಆದರೆ ಇವರೆಲ್ಲರ ಹೆಸರೂ ಉಳಿದದ್ದು ಕಲ್ಲಿನಲ್ಲಿ. ಕಲ್ಲಿಗೆ ಮುಂಚಿನ ಗೆರೆಗಳು ಉಳಿ ತಾಗಿದಂತೆ ಅಳಿದುಹೋದವು.

ಚಿತ್ರವನ್ನೂ ಉಳಿಸಿಕೊಂಡದ್ದನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ದೇವತೆಗಳ ರೂಪಲಕ್ಷಣಗಳನ್ನೆಲ್ಲ ಒಂದೆಡೆ ಸೇರಿಸಿ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥ ಮಾಡಿಸಿದರು. ಒಂಬತ್ತು ನಿಧಿಗಳು, ಒಂದೊಂದು ರೂಪಕ್ಕೂ ಧ್ಯಾನಶ್ಲೋಕ, ಪಕ್ಕದಲ್ಲಿ ಆಸ್ಥಾನದ ಚಿತ್ರಗಾರರು ಬರೆದ ಚಿತ್ರ. ಶಿವನಿಧಿಯಲ್ಲಿ 32 ಗಣಪತಿಗಳಿದ್ದಾರೆ. ಅದೇ ಅರಸರ ಅಪ್ಪಣೆಯಂತೆ, ಅದೇ ಕಾಲದಲ್ಲಿ, ನಂಜನಗೂಡು ಮತ್ತು ಚಾಮರಾಜನಗರದ ದೇವಾಲಯಗಳಲ್ಲಿ ಅದೇ 32 ಗಣಪತಿಗಳ ಶಿಲ್ಪಗಳೂ ಆದವು. ಪುಸ್ತಕದಲ್ಲಿ ನೋಡಿ ಗುಡಿಯಲ್ಲಿ ಗುರುತು ಹಿಡಿಯಬಹುದು. ಅಲ್ಲಿ ಕಾಗದ ಕಲ್ಲಿಗೆ ಬಲಿಯಾಗಲಿಲ್ಲ. ಅರಸನ ಪುಸ್ತಕವಾದ್ದರಿಂದ ಭದ್ರವಾಗಿ ಉಳಿಯಿತು, ಅರಸನ ಹೆಸರಿನಲ್ಲೇ ಉಳಿಯಿತು.

ಇಂಗ್ಲೆಂಡಿನ ಶ್ರೀಮಂತರ ಹಳ್ಳಿಬಂಗಲೆಗಳ ಬಗ್ಗೆ ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ಸ್ಟೌರ್‌ಹೆಡ್ ಎಂಬ ಬಂಗಲೆಯ ತೋಟದಲ್ಲಿ ಹರ್ಕ್ಯುಲಿಸ್‌ನ ಅಮೃತಶಿಲೆಯ ದೊಡ್ಡ ಮೂರ್ತಿ ಇದೆ. ಹರ್ಕ್ಯುಲಿಸ್ ಗ್ರೀಕರ ಭೀಮ ಎನ್ನಿ. ಮಾಡಿದವನು ಆಂಟ್‌ವರ್ಪ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ ಶಿಲ್ಪಿ ರಿಸ್‌ಬ್ರಾಕ್. ಅವನು 1744ರಲ್ಲಿ ಮೊದಲು ಮಣ್ಣಿನಲ್ಲಿ ಚಿಕ್ಕದೊಂದು ಮಾದರಿ ಮಾಡಿ ಸುಟ್ಟ. ಅದಕ್ಕಾಗಿ ಲಂಡನ್ನಿನ ಏಳೆಂಟು ಮಂದಿ ಜಟ್ಟಿಗಳ ಮೈಕಟ್ಟು ನೋಡಿ, ಒಬ್ಬನ ತೋಳು, ಇನ್ನೊಬ್ಬನ ಎದೆ ಎಂದು ಆರಿಸಿಕೊಂಡನಂತೆ. ಆ ಮಾದರಿಯ ಮೇಲಿಂದ 1747ರಲ್ಲಿ ಬಂಗಲೆಯ ಒಡೆಯ, ಬ್ಯಾಂಕರ್ ಹೆನ್ರಿ ಹೋರ್, ಶಿಲೆಯಲ್ಲಿ ಮಾಡಲು ಹೇಳಿದ. ಮೂರ್ತಿಗೆಂದೇ ತೋಟದಲ್ಲಿ ಗುಡಿಯಂಥ ಮಂಟಪ ಎದ್ದಿತು. ನನಗೆ ಹಿಡಿಸಿದ್ದು ಮುಂದಿನದು. ರಿಸ್‌ಬ್ರಾಕ್ ಆ ಮಣ್ಣಿನ ಮಾದರಿಯನ್ನು ಎಸೆಯಲಿಲ್ಲ. 1770ರಲ್ಲಿ ಅವನು ತೀರಿಕೊಂಡಾಗ, ಮಾದರಿ ಹೋರ್‌ಗೆ ಸೇರಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಇಂದಿಗೂ ಅದು ಆ ಬಂಗಲೆಯಲ್ಲೇ ಇದೆ. ಮೂರ್ತಿಗೆ ಮುಂಚಿನ ಕೆಲಸಕ್ಕೂ ಉಯಿಲಿನಲ್ಲಿ ಹೆಸರಿಸುವಷ್ಟು ಬೆಲೆ ಇದೆ ಎಂದು ಅವನಿಗೆ ಗೊತ್ತಿತ್ತು. ಕೊಳ್ಳುವವನಿಗೂ ಗೊತ್ತಿತ್ತು.

ನಮಗೆ ಗೊತ್ತಿತ್ತೇ? ಚಿತ್ರವನ್ನು ಕಟ್ಟಿನಿಂದ ಬಿಡಿಸಿ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಶಿರಸಿಗೆ ಹೋದೆ.

ಆ ಜಗಲಿಯ ಮನೆ ಈಗ ಎಲ್ಲಿತ್ತು ಎಂದು ಗುರುತೂ ಹತ್ತಲಿಲ್ಲ. ಓಣಿಯಲ್ಲಿ ಕೆಲಸ ಮಾಡುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬ ಗುಡಿಗಾರರ ಅಂಗಡಿಗೆ ಹೋದೆ. ಶಿಕ್ಷಕಿಯಾಗಿದ್ದೆ ಎಂದು ಕೇಳಿ, "ಬನ್ನಿ ಅಕ್ಕೋರೆ" ಎಂದು ಕುರ್ಚಿಯ ಮೇಲಿನ ಚೆಕ್ಕೆ ಕೊಡವಿ ಕೂರಿಸಿದರು. ಚಿತ್ರವನ್ನು ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಬಾಗಿಲ ಬಳಿಗೆ ಒಯ್ದರು, ಹಿಂದೆ ತಿರುಗಿಸಿದರು. ಬಹಳ ಹೊತ್ತು ಮಾತಾಡಲಿಲ್ಲ.

"ಯಾರ ಕೈ ಅಂತ ಹೇಳಲಿಕ್ಕಾಗೋದಿಲ್ಲ. ಆದರೆ ಗಟ್ಟಿ ಕೈ" ಎಂದರು. "ಇದು ಗಿರಾಕಿಗೆ ತೋರಿಸಲಿಕ್ಕೆ ಬರೆದದ್ದಲ್ಲ ಅಕ್ಕೋರೆ. ತೋರಿಸಲಿಕ್ಕಾದರೆ ಬಣ್ಣ ಹಚ್ಚಿ ಚಂದ ಮಾಡ್ತಾರೆ, ಅಳತೆಯ ಗೆರೆ ಅಳಿಸ್ತಾರೆ. ಇದು ಕೆಲಸದ ಚಿತ್ರ. ನೋಡಿ, ಹಂಸದ ಕತ್ತಿನ ಹತ್ರ ಈ ಸಣ್ಣ ಗುರುತು ಗರಗಸ ಎಲ್ಲಿ ನಿಲ್ಲಬೇಕು ಅಂತ. ಅಂಟಿಸಿ ಕೆತ್ತೋದಷ್ಟೇ ಬಾಕಿ."

ಅರ್ಧ ಬರೆದು ಬಿಟ್ಟ ಚಿತ್ರವೆಂದು ನಾನು ಇಷ್ಟು ವರ್ಷ ತಿಳಿದದ್ದು ಪೂರ್ತಿ ಮುಗಿದ ಕೆಲಸವಾಗಿತ್ತು.

"ಇನ್ನೊಂದು ಎಲ್ಲಿ?" ಎಂದು ಅವರು ಕೇಳಿದರು.

"ಇನ್ನೊಂದು ಯಾವುದು?"

"ಮಗ್ಗುಲಿನದು. ಇದು ಎದುರಿನ ಚಿತ್ರ ಮಾತ್ರ. ಮೂರ್ತಿ ಮಾಡಬೇಕಾದರೆ ಮರದ ಮಗ್ಗುಲಿಗೂ ಒಂದು ಚಿತ್ರ ಬೇಕು. ಮೂಗು ಎಷ್ಟು ಮುಂದೆ, ಬೆನ್ನು ಎಷ್ಟು ಹಿಂದೆ ಅಂತ ಅದರಲ್ಲಿರ್ತದೆ. ಎರಡನ್ನೂ ಒಟ್ಟಿಗೇ ಬರೀತಾರೆ."

"ನಮಗೆ ಬಂದದ್ದು ಇದೊಂದೇ."

"ಹಾಗಾದರೆ ಅದು ಅವರ ಹತ್ರವೇ ಉಳಿದಿರಬೇಕು. ಒಪ್ಪಿಗೆ ಅಂತ ಹೇಳಿ ಕಳಿಸ್ತೀರಿ, ಆವಾಗ ಬೇಕಾಗ್ತದೆ ಅಂತ ಇಟ್ಟುಕೊಂಡಿರ್ತಾರೆ."

ಅವರು ಅದನ್ನು ಬಹಳ ಸಹಜವಾಗಿ ಹೇಳಿದರು. ನನಗೆ ಮಾತ್ರ ಕುಳಿತಲ್ಲಿಂದ ಏಳಲಾಗಲಿಲ್ಲ. ನಮ್ಮ ಟ್ರಂಕಿನಲ್ಲಿ ಆಯಿ ಸರಸ್ವತಿಯ ಎದುರನ್ನು ಕಾದಳು. ಈ ಓಣಿಯ ಯಾವುದೋ ಮನೆಯ ಪೆಟ್ಟಿಗೆಯಲ್ಲಿ ಅವರು ಅವಳ ಮಗ್ಗುಲನ್ನು ಕಾದರು. ಒಂದು ಕಾರ್ಡಿನ ದಾರಿ ನೋಡುತ್ತ ಎಷ್ಟು ಜಾತ್ರೆ ಹೋದವೋ!

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, "ಈಗ ಮಾಡಿಸ್ತೀರಾ? ಈ ಕಾಗದ ಹಾಳು ಮಾಡೋದು ಬೇಡ. ಈಗೆಲ್ಲ ಜೆರಾಕ್ಸ್ ತೆಗೆದು ಅಂಟಿಸ್ತೇವೆ."

ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಮಾಡಿಸಬಹುದಿತ್ತು, ಪಿಂಚಣಿಯ ದುಡ್ಡಿತ್ತು. ಆದರೆ ನಾನು ತೀರಿಸಲು ಬಂದ ಸಾಲ ಮೂರ್ತಿಯದಲ್ಲ.

"ಮೂರ್ತಿ ಬೇಡ. ಇದಕ್ಕೊಂದು ಮಗ್ಗುಲಿನ ಚಿತ್ರ ಬರೆದು ಕೊಡಿ. ಬರೀ ಚಿತ್ರ. ಅದಕ್ಕೆ ಎಷ್ಟಾಗುತ್ತದೆ ಹೇಳಿ" ಎಂದೆ.

ಅವರು ನಕ್ಕರು. "ಚಿತ್ರಕ್ಕೆಂಥ ದುಡ್ಡು ಅಕ್ಕೋರೆ! ಮೂರ್ತಿ ಮಾಡಿಸಿದರೆ ಅದರಲ್ಲೇ ಬಂತು."

"ಮೂರ್ತಿ ಮಾಡಿಸದೆ ಹೋದರೆ?"

ಅವರು ಉತ್ತರ ಕೊಡಲಿಲ್ಲ. ಒಳಗಿನಿಂದ ಅವರ ಹೆಂಡತಿ ಚಹಾ ತಂದವರು, ಬೆರಳಿಗೆ ಅಂಟಿದ ಬೆಂಡಿನ ಚೂರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರೇ ಹೇಳಿದರು, "ಎರಡು ದಿನದ ಕೆಲಸ ಆಗ್ತದೆ. ಎರಡು ದಿನದ ಕೂಲಿ ಹೇಳಿ." ಅವರು ಹೇಳಿದ ಲೆಕ್ಕಕ್ಕೆ ನಾನು ಚೌಕಾಶಿ ಮಾಡಲಿಲ್ಲ. ಜೀವನದಲ್ಲಿ ಅದೇ ಮೊದಲಿರಬೇಕು.

ಹದಿನೈದು ದಿನ ಬಿಟ್ಟು ಹೋದಾಗ ಚಿತ್ರ ತಯಾರಿತ್ತು. ಸರಸ್ವತಿಯ ಮೂಗಿನ ಏರು, ಮುಡಿಯ ಗಂಟು, ಸ್ವಲ್ಪವೇ ಹಿಂದಕ್ಕೆ ಬಾಗಿದ ಬೆನ್ನು. ಎದುರಿನಿಂದ ನಿರಾಳವಾಗಿ ನಿಂತಂತೆ ಕಾಣುವವಳು ಮಗ್ಗುಲಿನಿಂದ ಒಂದು ಹೆಜ್ಜೆ ಮುಂದಿಡಲು ಹೊರಟಂತೆ ಕಂಡಳು. ಅದು ಮೊದಲಿನವರ ಮನಸ್ಸಿನಲ್ಲೂ ಹಾಗೇ ಇತ್ತೋ, ಇವರಿಗೆ ಹೊಳೆದದ್ದೋ, ಕೇಳಲಿಲ್ಲ. ಅವರು ರಸೀದಿ ಪುಸ್ತಕ ತೆರೆದು ಪೆನ್ನು ಹಿಡಿದು ಕುಳಿತರು.

"ಏನಂತ ಬರೀಲಿ? ಮೂರ್ತಿ ಅಂತ ಬರೆಯೋ ಹಾಗಿಲ್ಲ. ಮರವೂ ಇಲ್ಲ."

"ಚಿತ್ರದ ಕೂಲಿ ಅಂತ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಕಾಗದದ ಮೇಲೂ ಬರೆಯಿರಿ."

ಅವರು ಬರೆದರು. ರಸೀದಿಯಲ್ಲಿ ಸರಾಗವಾಗಿ ಬರೆದರು. ಚಿತ್ರದ ಮೂಲೆಯಲ್ಲಿ ಬರೆಯುವಾಗ ಮಾತ್ರ ಒಂದು ಗಳಿಗೆ ತಡೆದು, ಬಹಳ ಸಣ್ಣ ಅಕ್ಷರದಲ್ಲಿ ಬರೆದರು.

ಈಗ ನಮ್ಮ ನಡುಮನೆಯಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಹೆಸರಿದೆ, ಇನ್ನೊಂದರಲ್ಲಿ ಮಳೆಯ ಕಲೆ ಇದೆ. ಬಂದವರು ಗೀಟುಗಳ ಬಗ್ಗೆ ಕೇಳಿದರೆ ಈಗ ನಾನು ಚಹಾದ ನೆಪ ಹೇಳುವುದಿಲ್ಲ. ಕೂರಿಸಿ, ಮುಖದಿಂದ ಶುರುಮಾಡಿ, ಹತ್ತು ತಾಳವನ್ನೂ ಎಣಿಸಿ ತೋರಿಸುತ್ತೇನೆ.